ಬೀದರಿನ ಸುರಂಗ ಬಾವಿ: ಒಳಗೆ ಇಳಿಯಬೇಡಿ, ಮೇಲೆ ನಡೆಯಿರಿ

ಮಾನ್ಯ ಸಂಪಾದಕರಿಗೆ,
ನಮಸ್ಕಾರ.

ರಜೆ ಬಂತೆಂದರೆ ಬೀದರಿಗೆ ಬರುವವರು ಹೆಚ್ಚುತ್ತಾರೆ. ಕೋಟೆ, ಮಹಮೂದ್ ಗವಾನರ ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ನೋಡಿ ಮುಗಿಸಿದವರಲ್ಲಿ ಹಲವರು ಕೇಳುವುದು ಒಂದೇ ಮಾತು: ನೌಬಾದ್‌ನ ಸುರಂಗದೊಳಗೆ ಹೋಗುವ ದಾರಿ ಎಲ್ಲಿ? ಅಂಥವರಿಗೂ, ಈ ಸುರಂಗಗಳನ್ನು ಕಾಯಬೇಕಾದವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಿದೆ. ಬೀದರಿನ ಕರೇಜನ್ನು, ಅಂದರೆ ನೆಲದಡಿಯಲ್ಲಿ ನೀರು ಹರಿಸಿ ತರುವ ಹಳೆಯ ಸುರಂಗವನ್ನು, ಅರಿಯಲು ಒಳಗೆ ಇಳಿಯಬೇಕಿಲ್ಲ, ನೆಲದ ಮೇಲೆ ಅದರ ಜಾಡು ಹಿಡಿದು ನಡೆಯಬೇಕು. ಒಳಗೆ ಹೊಕ್ಕವರಿಗೆ ಕಾಣುವುದು ಟಾರ್ಚಿನ ಬೆಳಕು ಬಿದ್ದಷ್ಟು ಗೋಡೆ. ನೀರು ಎಲ್ಲಿಂದ ಹೊರಟಿತು, ಯಾಕೆ ಹೊರಟಿತು, ಈಗ ಎಲ್ಲಿ ನಿಂತಿದೆ ಎಂಬುದೆಲ್ಲ ತಿಳಿಯುವುದು ಮೇಲೆ ನಡೆದವರಿಗೆ. ಅಳಿದುಹೋಗುವ ಅಪಾಯ ಹೆಚ್ಚಿರುವುದೂ ಆ ಮೇಲಿನ ಜಾಡಿಗೇ.

ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆಯ ಮೈತುಂಬ ತೂತು. ಬಿದ್ದ ಮಳೆಯನ್ನು ಅದು ಕುಡಿದು ಕೆಳಗೆ ಬಿಡುತ್ತದೆ. ಅದರ ಅಡಿಗೆ ಜೇಡಿ, ಜೇಡಿಯ ಅಡಿಗೆ ಗಟ್ಟಿ ಕರಿಕಲ್ಲು. ಇಳಿದ ನೀರು ಜೇಡಿಯ ಮೇಲೆ ತಡೆದು ನಿಂತು, ಪಕ್ಕಕ್ಕೆ ಹರಿದು, ಪ್ರಸ್ಥಭೂಮಿ ಮುಗಿಯುವ ಅಂಚುಗಳಲ್ಲಿ ಒರತೆಯಾಗಿ ಹೊರಬೀಳುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲವೂ ಹೀಗೆ ಹುಟ್ಟಿದ ಜಲಗಳು. 15ನೇ ಶತಮಾನದ ಮೊದಲರ್ಧದಲ್ಲಿ ಬಹಮನಿ ದೊರೆ ಅಹಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕೋಟೆಗೆ ಬೇಕಾದ ಎತ್ತರ ಸಿಕ್ಕಿತು, ಆದರೆ ಹತ್ತಿರದಲ್ಲಿ ದೊಡ್ಡ ಹೊಳೆ ಇರಲಿಲ್ಲ. ನೀರು ಕಾಲಡಿಯಲ್ಲೇ ಇತ್ತು, ಆಳದಲ್ಲಿತ್ತು. ಬಹಮನಿಗಳಿಗೆ ಇರಾನಿನ ಜೊತೆ ಹತ್ತಿರದ ನಂಟು. ಅವರ ಮಂತ್ರಿ ಮಹಮೂದ್ ಗವಾನರೇ ಅಲ್ಲಿನ ಗೀಲಾನ್ ಸೀಮೆಯಿಂದ ಬಂದವರು. ಇರಾನಿನಲ್ಲಿ ಕನಾತ್ ಎಂದು ಕರೆಯುವ ವಿದ್ಯೆ ಇಲ್ಲಿ ಕರೇಜ್ ಎಂಬ ಹೆಸರಿನಲ್ಲಿ ಬೇರೂರಿತು. ಕರಾವಳಿಯ ಓದುಗರಿಗೆ ಇದು ಹೊಸತೆನಿಸದು. ದಕ್ಷಿಣ ಕನ್ನಡ, ಕಾಸರಗೋಡಿನ ತೋಟಗಳಲ್ಲಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗವೂ ಇದೇ ಜಂಬಿಟ್ಟಿಗೆಯಲ್ಲಿ ಇದೇ ನೀರನ್ನು ಹುಡುಕುತ್ತದೆ. ಅಂಥ ಸುರಂಗಗಳನ್ನು ಒಬ್ಬರೇ ಕೊರೆದು ಬೋಳುಗುಡ್ಡದಲ್ಲಿ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಾಡಿಗೇ ಗೊತ್ತು. ಕರಾವಳಿಯ ಸುರಂಗ ಒಂದು ಮನೆಯದು. ಬೀದರಿನದು ಊರಿಗೆಲ್ಲ ನೀರುಣಿಸಲು ಹುಟ್ಟಿದ್ದು.

ಕರೇಜ್ ಕೆಲಸ ಮಾಡುವ ಬಗೆಯನ್ನು ಬಲ್ಲವರಿಗೆ ಮುಂದಿನ ನಡಿಗೆ ಸುಲಭ. ಎತ್ತರದ ಜಾಗದಲ್ಲಿ ಮೊದಲು ಒಂದು ತಾಯಿಬಾವಿ. ನೀರಿನ ಪದರ ಸಿಕ್ಕ ಆಳದಿಂದ ಒಂದು ಸುರಂಗ ತಗ್ಗಿನ ಕಡೆಗೆ ಹೊರಡುತ್ತದೆ. ಮೇಲಿನ ನೆಲದ ಇಳಿಜಾರು ಹೆಚ್ಚು, ಸುರಂಗದ ಇಳಿಜಾರು ತೀರ ಕಡಿಮೆ. ಆದ್ದರಿಂದ ಎಲ್ಲೋ ಒಂದು ಕಡೆ ಎರಡೂ ಕೂಡಿ ನೀರು ತಾನಾಗಿ ಬಯಲಿಗೆ ಬರುತ್ತದೆ. ಪಂಪು, ಏತ, ಕಪಿಲೆ ಯಾವುದೂ ಬೇಡ. ನಡುವೆ ಅಲ್ಲಲ್ಲಿ ಮೇಲಿನಿಂದ ಸುರಂಗಕ್ಕೆ ನೆಟ್ಟಗೆ ಇಳಿಯುವ ಬಾವಿಗಳು ಇರುತ್ತವೆ. ತೋಡುವಾಗ ಮಣ್ಣು ಎತ್ತಿದ್ದು ಇವುಗಳಿಂದಲೇ. ಕೆಲಸಗಾರರಿಗೆ ಗಾಳಿ ಒದಗಿದ್ದು, ಮುಂದೆ ಹೂಳು ತೆಗೆಯಲು ಇಳಿದದ್ದು, ಜನ ನೀರು ಸೇದಿದ್ದು ಎಲ್ಲ ಇವುಗಳ ಮೂಲಕವೇ. ನೌಬಾದ್ ಕರೇಜ್‌ನಲ್ಲಿ ಇಂಥ 21 ಬಾವಿಗಳನ್ನು ಗುರುತಿಸಲಾಗಿದೆ. ಜಾಡಿನ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಇದಲ್ಲದೆ ಶುಕ್ಲತೀರ್ಥ ಮತ್ತು ಜಮುನಾ ಮೋರಿ ಎಂಬ ಕರೇಜ್‌ಗಳೂ ಇವೆ. ಜಮುನಾ ಮೋರಿಯದು ಹಳೆಯ ಪೇಟೆಯೊಳಗೆ ಬೀದಿಗಳ ಅಡಿಯಿಂದ ನೀರು ಹಂಚುತ್ತಿದ್ದ ಕವಲುಗಳ ಜಾಲ. ಮೋರಿ ಎಂದರೆ ಕೊಳೆನೀರು ಎಂದೇ ಬಗೆಯುವ ನಮ್ಮ ಕಾಲದಲ್ಲಿ ಆ ಹೆಸರನ್ನು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ.

ನಡಿಗೆಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಿಗ್ಗೆ ಏಳಕ್ಕೆ ನೌಬಾದ್‌ನ ಮೇಲ್ಗಡೆಯಿಂದ ಹೊರಟು ಅಲಿಯಾಬಾದ್ ಕಡೆಗೆ, ಅಂದರೆ ನೀರು ಹರಿಯುವ ದಿಕ್ಕಿನಲ್ಲೇ, ಇಳಿಯುತ್ತ ಬನ್ನಿ. ಎರಡು ಕಿಲೋಮೀಟರ್ ಎಂದು ಅರ್ಧ ಗಂಟೆ ಇಟ್ಟುಕೊಳ್ಳಬೇಡಿ. ಪ್ರತಿ ಬಾವಿಯ ಬಳಿ ನಿಂತು ನೋಡಲು ಮೂರು ಗಂಟೆ ಬೇಕು. ತಲಾ ಎರಡು ಲೀಟರ್ ನೀರು, ಮುಳ್ಳು ತಡೆಯುವ ಗಟ್ಟಿ ಬೂಟು, ಟೋಪಿ, ಒಂದು ಸಣ್ಣ ಕನ್ನಡಿ, ಉದ್ದನೆಯ ಟೇಪು ಸಾಕು. ದಾರಿಯಲ್ಲಿ ಹೊಲಗಳಿದ್ದರೆ ಬದುವಿನ ಮೇಲೆ ನಡೆಯಿರಿ, ಹೊಲದವರನ್ನು ಕೇಳಿಯೇ ದಾಟಿ. ತೊಗರಿ ನಿಂತ ಕಾಲದಲ್ಲಿ ಬೆಳೆಯ ನಡುವಿನ ಬಾವಿ ಕಣ್ಣಿಗೆ ಬೀಳುವುದಿಲ್ಲ. ಹೊಲದವರು ತೋರಿಸಿದರಷ್ಟೇ ಕ್ಷೇಮ.

ಬಾವಿಗಳನ್ನು ಗುರುತಿಸಲು ಕೆಲವು ಸುಳಿವುಗಳಿವೆ. ಕಟ್ಟಡದ ಬಾಯಿ ಉಳಿದಿದ್ದರೆ ತಾನೇ ಕಾಣುತ್ತದೆ. ಉಳಿಯದ ಕಡೆ, ತೋಡಿದಾಗ ಎತ್ತಿ ಸುರಿದ ಮಣ್ಣು ಬಾಯಿಯ ಸುತ್ತ ತಗ್ಗು ದಿಬ್ಬವಾಗಿ ಬಳೆಯಂತೆ ಉಳಿದಿರಬಹುದು. ಬೇಸಿಗೆಯಲ್ಲಿ ಸುತ್ತಲೂ ಒಣಗಿರುವಾಗ ಒಂದೇ ಕಡೆ ಅತ್ತಿಯೋ ಅರಳಿಯೋ ಹಸಿರಾಗಿ ನಿಂತಿದ್ದರೆ ಅದರ ಬುಡವನ್ನು ನೋಡಿ. ನೆಲದಿಂದ ಪಾರಿವಾಳಗಳು ಎದ್ದು ಹಾರಿದರೆ ಅಲ್ಲಿ ಬಾವಿ ಇರಬಹುದು. ಒಂದರ ಹಿಂದೆ ಒಂದು ಎರಡು ಬಾವಿ ಸಿಕ್ಕರೆ ಮೂರನೆಯದು ಹೆಚ್ಚುಕಡಿಮೆ ಅದೇ ನೇರದಲ್ಲಿ ಇರುತ್ತದೆ. 21 ಬಾವಿ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ ಎಂದ ಮೇಲೆ ಸರಾಸರಿ ಅಂತರ ನೂರು ಮೀಟರಿಗೆ ಕಡಿಮೆಯಾಗದು. ಇನ್ನೂರು ಮೀಟರ್ ನಡೆದರೂ ಏನೂ ಸಿಗದಿದ್ದರೆ ನಡುವೆ ಒಂದು ಮುಚ್ಚಿಹೋಗಿರಬಹುದು ಎಂದು ಬರೆದಿಟ್ಟುಕೊಳ್ಳಿ. ಮೊಬೈಲಿನ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಆದ್ದರಿಂದ ಹತ್ತಿರದ ಮನೆ, ಕಂಬ ಅಥವಾ ಮರದಿಂದ ಅಳೆದ ದೂರವನ್ನೂ ಬರೆಯಬೇಕು.

ಬಾವಿಯೊಳಗೆ ನೋಡುವುದಕ್ಕೆ ಟಾರ್ಚಿಗಿಂತ ಕನ್ನಡಿ ಮೇಲು. ಬಿಸಿಲಿಗೆ ಬೆನ್ನು ಮಾಡದೆ ನಿಂತು ಅಂಗೈಯಗಲದ ಕನ್ನಡಿಯಿಂದ ಬೆಳಕನ್ನು ತಿರುಗಿಸಿ ಬಾವಿಯ ಗೋಡೆಯ ಮೇಲೆ ಬಿಡಿ. ಮೆಲ್ಲಗೆ ಕೆಳಗೆ ಇಳಿಸುತ್ತ ಹೋದಂತೆ ಮೊದಲು ಕಟ್ಟಿದ ಕಲ್ಲು, ನಂತರ ತೂತುತೂತಾದ ಕೆಂಪು ಬಂಡೆ, ತಳಕ್ಕೆ ಬಂದಾಗ ಬಣ್ಣ ಮಾಸಿದ ಜೇಡಿ ಕಾಣುತ್ತ ಬರುತ್ತದೆ. ನೀರು ಹರಿಯುತ್ತಿದ್ದರೆ ಬೆಳಕಿನ ಬಿಲ್ಲೆ ನಡುಗುತ್ತದೆ. ನಿಂತ ನೀರಾದರೆ ಅಲುಗುವುದಿಲ್ಲ. ಇಷ್ಟು ನೋಡುವಾಗಲೂ ಅಂಚಿನ ಕಲ್ಲಿನ ಮೇಲೆ ಕಾಲಿಡಬಾರದು. ಹಳೆಯ ಗಾರೆ ಸಡಿಲವಾಗಿರುತ್ತದೆ, ಮರದ ಬೇರು ಕಲ್ಲನ್ನು ಮೀಟಿಟ್ಟಿರುತ್ತದೆ. ಅಂಚಿನಿಂದ ಒಂದು ಮಾರು ದೂರ ನಿಲ್ಲಿ. ಆಳ ಅಳೆಯುವುದಾದರೆ ಉದ್ದ ಬಿದಿರಿನ ತುದಿಯಲ್ಲಿ ಟೇಪನ್ನು ಹಾಯಿಸಿ, ಅರ್ಧ ಕೆಜಿ ತೂಕ ಕಟ್ಟಿ ಬಿಡಿ. ಬಟ್ಟೆಯ ಟೇಪು ನೆನೆದರೆ ಅದರ ಉದ್ದ ಬದಲಾಗುತ್ತದೆ, ಫೈಬರ್ ಅಥವಾ ಉಕ್ಕಿನದು ಬಳಸಿ. ಗೋಡೆಯಲ್ಲಿ ಹೆಜ್ಜೇನು ಕಟ್ಟಿದ್ದರೆ ಕನ್ನಡಿಯನ್ನೂ ಚೀಲದೊಳಗಿಟ್ಟು ಸದ್ದಿಲ್ಲದೆ ಹಿಂದೆ ಸರಿಯಿರಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಳೆಯಬಲ್ಲವರು ಒಳಗೆ ಇಳಿಯದೆಯೇ ಸುರಂಗದ ಆರೋಗ್ಯವನ್ನು ತಿಳಿಯಬಹುದು. ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪಾರದರ್ಶಕ ಪೈಪು ಇದಕ್ಕೆ ಸಾಕು. ಉದಾಹರಣೆಗೆ, ನೂರು ಮೀಟರ್ ಅಂತರದ ಎರಡು ಬಾವಿಗಳಿವೆ ಎನ್ನಿ. ಮೇಲಿನದರ ಬಾಯಿಯಿಂದ ನೀರಿಗೆ 12 ಮೀಟರ್. ಕೆಳಗಿನದರ ಬಾಯಿ ಮೇಲಿನದಕ್ಕಿಂತ 1.60 ಮೀಟರ್ ತಗ್ಗಿನಲ್ಲಿದೆ, ಅಲ್ಲಿ ನೀರಿಗೆ 10.50 ಮೀಟರ್. ಎರಡನ್ನೂ ಕೂಡಿದರೆ 12.10. ಅಂದರೆ ನೂರು ಮೀಟರಿಗೆ ನೀರು ಹತ್ತು ಸೆಂಟಿಮೀಟರ್ ಇಳಿದಿದೆ, ಸಾವಿರಕ್ಕೆ ಒಂದು. ಕರೇಜಿಗೆ ಇದು ಹದವಾದ ಇಳಿಜಾರು. ಇದಕ್ಕಿಂತ ಬಹಳ ಕಡಿದಾದರೆ ನೀರಿನ ರಭಸ ತಳವನ್ನು ಕೊರೆಯುತ್ತದೆ, ತೀರ ಸಮವಾದರೆ ಹೂಳು ಕೂರುತ್ತದೆ. ಈಗ ಕೆಳಗಿನ ಬಾವಿಯಲ್ಲಿ ನೀರು 11.20 ಮೀಟರಿಗೆ ಸಿಕ್ಕಿತು ಎನ್ನಿ. ಇಳಿತ 80 ಸೆಂಟಿಮೀಟರ್ ಆಯಿತು. ಆ ಎರಡು ಬಾವಿಗಳ ನಡುವೆ ಸುರಂಗ ಕಟ್ಟಿಕೊಂಡಿದೆ, ಮೇಲ್ಗಡೆ ನೀರು ತಡೆದು ನಿಂತಿದೆ ಎಂದು ಅನುಮಾನಿಸಬೇಕು. ಎರಡರಲ್ಲೂ ನೀರು ಒಂದೇ ಮಟ್ಟದಲ್ಲಿ ನಿಂತಿದ್ದರೆ ಅಡ್ಡಿ ಇನ್ನೂ ಕೆಳಗಿದೆ. ಇಷ್ಟು ತಿಳಿದರೆ ಹೂಳೆತ್ತುವವರು ಎಲ್ಲಿ ಕೈ ಹಾಕಬೇಕು ಎಂಬುದು ನಿಶ್ಚಯವಾಗುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ನೀರು ತುಂಬಿದ ಮೇಲೆ ಎರಡೂ ತುದಿಗಳನ್ನು ಜೋಡಿಸಿ ಹಿಡಿದು, ನೀರು ಸಮವಾಗಿ ನಿಂತಿತೇ ಎಂದು ಪ್ರತಿ ಸಲ ನೋಡಿಕೊಳ್ಳಬೇಕು. ಮಳೆ ಬಂದ ವಾರದಲ್ಲಿ ಅಳೆದ ಲೆಕ್ಕವನ್ನು ಬೇಸಿಗೆಯ ಲೆಕ್ಕದ ಜೊತೆ ಬೆರೆಸಬಾರದು. ಎಲ್ಲ ಬಾವಿಗಳನ್ನೂ ಒಂದೇ ದಿನ ಅಳೆಯಬೇಕು.

ಒಳಗೆ ಇಳಿಯಬೇಡಿ ಎಂದು ಬರಿದೇ ಹೇಳಿದರೆ ಕುತೂಹಲ ನಿಲ್ಲುವುದಿಲ್ಲ. ಕಾರಣಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದು ಗಾಳಿ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಶೇ 19.5ಕ್ಕಿಂತ ಕಡಿಮೆ ಇರುವ ಕಡೆ ಇಳಿಯಬಾರದು ಎಂಬುದು ಮುಚ್ಚಿದ ಜಾಗಗಳಲ್ಲಿ ಕೆಲಸ ಮಾಡುವವರ ನಿಯಮ. ಕರೇಜನ್ನು ಕಟ್ಟಿದವರು ಗಾಳಿಗಾಗಿಯೇ ಸಾಲು ಬಾವಿ ಇಟ್ಟಿದ್ದರು. ಅವುಗಳಲ್ಲಿ ಕೆಲವನ್ನು ಮುಚ್ಚಿ ಕೆಲವನ್ನು ತೆರೆದಿಟ್ಟರೆ ನಡುವೆ ಗಾಳಿಯಾಡದ ತುಂಡುಗಳು ಉಳಿಯುತ್ತವೆ. ಮನೆಗಳ ಶೌಚಗುಂಡಿಯ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು ಸುರಂಗ ಸೇರಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಈ ಅನಿಲ ಹೆಚ್ಚಾದಾಗ ಮೂಗು ಜಡವಾಗಿ ವಾಸನೆಯೇ ತಿಳಿಯುವುದಿಲ್ಲ. ಈಗ ನಾರುತ್ತಿಲ್ಲ, ಹೋಗಬಹುದು ಎಂದು ಮುಂದೆ ಹೋದವರು ಬೀಳುವುದು ಅದಕ್ಕೇ. ದೀಪ ಇಳಿಸಿ ನೋಡುವ ಹಳೆಯ ರೂಢಿ ಆಮ್ಲಜನಕದ ಕೊರತೆಯನ್ನು ಒಂದಿಷ್ಟು ತೋರಿಸೀತು, ಈ ವಿಷಾನಿಲವನ್ನು ತೋರಿಸದು. ಕೊಚ್ಚೆಯಿಂದ ಮೀಥೇನ್ ಕೂಡಿದ್ದರೆ ದೀಪವೇ ಅಪಾಯ. ನಾಲ್ಕು ಅನಿಲಗಳನ್ನು ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ನಿಲ್ಲಿಸಿ ಓದದೆ ಯಾರನ್ನೂ ಇಳಿಸಬಾರದು. ಒಳಗೆ ಒಬ್ಬರು ಕುಸಿದರೆ ಅವರನ್ನು ಎತ್ತಲು ಹಿಂದೆಯೇ ಧುಮುಕಬಾರದು. ಬಾವಿ, ಗುಂಡಿಗಳಲ್ಲಿ ಎರಡನೆಯ, ಮೂರನೆಯ ಜೀವ ಹೋಗುವುದು ಹಾಗೆ. 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಬೇಕು.

ಎರಡನೆಯದು ಬಂಡೆ. ಜಂಬಿಟ್ಟಿಗೆಯನ್ನು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದಷ್ಟೂ ಗಟ್ಟಿಯಾಗುತ್ತದೆ. ಮನೆ ಕಟ್ಟಲು ಅದು ಒದಗುವುದು ಈ ಗುಣದಿಂದ. ಸುರಂಗದ ಚಾವಣಿಯಲ್ಲಿ ಅದು ಪೂರ್ತಿ ಒಣಗುವುದೇ ಇಲ್ಲ. ಮಳೆಗಾಲಕ್ಕೆ ನೆನೆದು, ಬೇಸಿಗೆಗೆ ಆರಿ ಬಿರುಕು ಬಿಡುತ್ತದೆ. ಅಡಿಯ ಜೇಡಿ ನೀರಿಗೆ ಕರಗಿ ಜಾರಿದಾಗ ಮೇಲಿನ ಕಲ್ಲು ಆಸರೆ ಕಳೆದುಕೊಂಡು ಚಪ್ಪಡಿಯಾಗಿ ಕಳಚುತ್ತದೆ. ತಳದಲ್ಲಿ ಹೊಸ ಕೆಂಪು ಮುರಿಕಲ್ಲು ಚೆಲ್ಲಿದ್ದರೆ ಅದು ಈಚೆಗೆ ಬಿದ್ದದ್ದು. ಮೂರನೆಯದು ಬಾವಲಿ. ಅವುಗಳ ಒಣ ಹಿಕ್ಕೆಯ ದೂಳಿನಲ್ಲಿ ಬೆಳೆಯುವ ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಮರಿ ಸಾಕುವ ಕಾಲದಲ್ಲಿ ಬೆಳಕು, ಗದ್ದಲಕ್ಕೆ ಬೆದರಿದರೆ ಮರಿಗಳು ನೀರಿಗೆ ಬೀಳುತ್ತವೆ. ನರಸಿಂಹ ಝರಣಿಯಲ್ಲಿ ಜನ ಸೊಂಟದಿಂದ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದೇವರ ದರ್ಶನ ಮಾಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅಲ್ಲಿ ದೀಪ ಹಾಕಿದ್ದಾರೆ, ಗಾಳಿಯ ಏರ್ಪಾಡಿದೆ. ಕರೇಜಿನಲ್ಲಿ ಅದಾವುದೂ ಇಲ್ಲ.

ನೆಲದಡಿಯ ಕುತೂಹಲ ತಣಿಯಲು ಕೋಟೆ ಇದೆ. ಮಧ್ಯಾಹ್ನದ ಹೊತ್ತನ್ನು ಅಲ್ಲಿಗೆ ಇಟ್ಟುಕೊಳ್ಳಿ. 71 ಅಡಿ ಎತ್ತರದ ಕಾವಲು ಗೋಪುರ ಚೌಬಾರಾದಿಂದ ಉತ್ತರಕ್ಕೆ ನಡೆದರೆ 1472ರ ಮದರಸಾ, ಮುಂದೆ ತಖ್ತ್-ಎ-ಕಿರ್ಮಾನಿ, ಅಲ್ಲಿಂದ ಕೋಟೆ. ಎಲ್ಲವೂ ಒಂದೇ ಬೀದಿಯ ಜಾಡು. ಕೋಟೆಯ ಬಾಗಿಲಿಗೆ ಬಂದವರು ತಕ್ಷಣ ಒಳಗೆ ನುಗ್ಗದೆ ಕಂದಕವನ್ನು ನೋಡಬೇಕು. ಬಂಡೆಯನ್ನು ಕಡಿಯುತ್ತ, ನಡುನಡುವೆ ಕಲ್ಲಿನ ಗೋಡೆಗಳನ್ನು ಹಾಗೆಯೇ ಉಳಿಸಿ ಮಾಡಿದ ಮೂರು ಸಾಲಿನ ಕಂದಕ ಅದು. ಕರೇಜ್ ಕೊರೆದದ್ದೂ ಇಂಥದೇ ಬಂಡೆಯಲ್ಲಿ ಎಂಬುದು ಅಲ್ಲಿ ಹಗಲು ಬೆಳಕಿನಲ್ಲಿ ಕಾಣುತ್ತದೆ. ಉಳಿ ತಾಗಿದ ಗೀರು, ನೀರು ಜಿನುಗಿ ಕಪ್ಪಾದ ಪಟ್ಟಿ ಎಲ್ಲ ಕಣ್ಣೆದುರಿಗೇ. 1503ರ ಶಾಸನವಿರುವ ಶರ್ಜಾ ದರವಾಜ ದಾಟಿ ಒಳಗೆ ಹೋದರೆ ರಂಗೀನ್ ಮಹಲ್, ಸೋಳಾ ಖಂಬಾ ಮಸೀದಿ, ಗಗನ್ ಮಹಲ್, ತಖ್ತ್ ಮಹಲ್ ಇವೆ. ಹಜಾರ್ ಕೋಠಡಿ ಎಂದು ಕರೆಯುವ ಕಡೆ ನೆಲದಡಿಯ ಕೋಣೆಗಳೂ, ಕಂದಕದ ಕಡೆಗೆ ತಪ್ಪಿಸಿಕೊಳ್ಳಲು ಮಾಡಿಕೊಂಡ ದಾರಿಯೂ ಇವೆ. ಬೀಗ ಹಾಕಿದ ಜಾಗಗಳನ್ನು ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಕೇಳಿಯೇ ನೋಡಬೇಕು.

ಕೋಟೆಯ ಕಳ್ಳದಾರಿಯನ್ನೂ ಕರೇಜನ್ನೂ ಒಂದೆಂದು ತಿಳಿಯುವುದರಿಂದ ಬಹಳ ಹಾನಿಯಾಗುತ್ತದೆ. ಬೀದರಿನ ಸುರಂಗ ಕಲಬುರಗಿಯವರೆಗೆ ಹೋಗುತ್ತದೆ, ಗೋಲ್ಕೊಂಡಕ್ಕೆ ಹೋಗುತ್ತದೆ, ಒಳಗೆ ಹೊನ್ನಿದೆ ಎಂಬ ಮಾತುಗಳು ನಿಧಿಗಳ್ಳರನ್ನು ಕರೆತರುತ್ತವೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಕಳ್ಳದಾರಿಗೆ ಮೆಟ್ಟಿಲು, ತಿರುವು, ಬಾಗಿಲಿನ ಗುರುತು ಇರುತ್ತವೆ, ಅದು ಏರುತ್ತದೆ, ಇಳಿಯುತ್ತದೆ. ಅದರ ಮೇಲೆ ಸಾಲು ಬಾವಿ ಇರುವುದಿಲ್ಲ. ಗುಟ್ಟಿನ ದಾರಿಗೆ ನೂರು ಮೀಟರಿಗೊಂದು ಕಂಡಿ ಯಾರು ಇಡುತ್ತಾರೆ? ಕರೇಜ್ ಒಂದೇ ಸಮನೆ ಇಳಿಯುತ್ತದೆ, ಗೋಡೆಯ ಮೇಲೆ ಹಳೆಯ ನೀರಿನ ಮಟ್ಟದ ಗೆರೆ ಉಳಿದಿರುತ್ತದೆ. ಅದರೊಳಗಿನ ಸಂಪತ್ತು ನೀರು. ನಿಧಿಗೆಂದು ತಳ ಅಗೆದರೆ ಆ ಇಳಿಜಾರು ಕೆಟ್ಟು, ತಗ್ಗಿನಲ್ಲಿ ನೀರು ನಿಂತು, ಮುಂದಿನದೆಲ್ಲ ಒಣಗುತ್ತದೆ.

ಇನ್ನು ಆಡಳಿತಕ್ಕೆ ಹೇಳಬೇಕಾದದ್ದು. ಜಿಲ್ಲಾಡಳಿತ, ಸಂಶೋಧಕರು ಮತ್ತು ಸ್ಥಳೀಯ ಯುವಕರು ಕೂಡಿ ನೌಬಾದ್ ಕರೇಜಿನ ಹೂಳು ತೆಗೆಸಿದ್ದು ದೊಡ್ಡ ಕೆಲಸ. 2014ರಲ್ಲಿ ಬೀದರ್ ನಗರ ವಿಶ್ವ ಸ್ಮಾರಕ ನಿಧಿಯ ಕಾವಲು ಪಟ್ಟಿಗೂ, ದಖನಿನ ಸುಲ್ತಾನರ ಕೋಟೆ ಮತ್ತು ಸ್ಮಾರಕಗಳ ಜೊತೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಇರಾನಿನ 11 ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆ ಎನಿಸಿಕೊಂಡವು. ಓಮನ್ ದೇಶದ ಫಲಜ್ ಎಂಬ ನೀರುಕಾಲುವೆಗಳು ಹತ್ತು ವರ್ಷ ಮೊದಲೇ ಆ ಪಟ್ಟಿಯಲ್ಲಿವೆ. ಆದರೆ ಕರೇಜ್ ಉಳಿಯುವುದು ಪಟ್ಟಿಯಿಂದಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂಬ ನಿಯಮ ಕೋಟೆಯಂಥ ಒಂದು ಜಾಗದಲ್ಲಿ ನಿಂತ ಕಟ್ಟಡಕ್ಕೆ ಒಪ್ಪುತ್ತದೆ. ಕಿಲೋಮೀಟರುಗಟ್ಟಲೆ ನೆಲದಡಿ ಹರಿಯುವ ಗೆರೆಗೆ ಸರ್ವೆ ನಂಬರುಗಳೇ ರಕ್ಷೆ. ಜಾಡು ಹಾದುಹೋಗುವ ಪ್ರತಿ ಸರ್ವೆ ನಂಬರಿನ ನಕ್ಷೆಯಲ್ಲೂ, ನಗರದ ಮಹಾಯೋಜನೆಯಲ್ಲೂ ಬಾವಿಗಳ ಸ್ಥಾನ ಮತ್ತು ಸುರಂಗದ ಆಳ ದಾಖಲಾಗಬೇಕು. ಲೇಔಟ್ ಮಂಜೂರು ಮಾಡುವವರು, ಕೊಳವೆಬಾವಿಗೆ ಅನುಮತಿ ಕೊಡುವವರು ಅದನ್ನು ತೆರೆದು ನೋಡಿಯೇ ಸಹಿ ಹಾಕಬೇಕು. ಕರೇಜಿನ ಮಗ್ಗುಲಲ್ಲಿ ಆಳದ ಕೊಳವೆಬಾವಿ ಬಿದ್ದರೆ ನೀರಿನ ಪದರ ಸುರಂಗದ ತಳಕ್ಕಿಂತ ಕೆಳಗೆ ಇಳಿಯುತ್ತದೆ. ಆಮೇಲೆ ಎಷ್ಟು ಹೂಳು ತೆಗೆದರೂ ಪ್ರಯೋಜನವಿಲ್ಲ.

ಬಾವಿಯ ಬಾಯಿಗೆ ಕಾಂಕ್ರೀಟ್ ಹಲಗೆ ಮುಚ್ಚುವುದು ಸುರಕ್ಷತೆಯಂತೆ ಕಾಣುತ್ತದೆ. ಅದು ಗಾಳಿಯನ್ನೂ ಮುಚ್ಚುತ್ತದೆ, ನೋಟವನ್ನೂ ಮುಚ್ಚುತ್ತದೆ. ನಾಲ್ಕೇ ವರ್ಷದಲ್ಲಿ ಅದರ ಮೇಲೆ ಮಣ್ಣು ಕೂತು ಅಲ್ಲೊಂದು ಬಾವಿ ಇತ್ತೆಂಬುದೇ ಮರೆತುಹೋಗುತ್ತದೆ. ಬದಲಿಗೆ ಸೊಂಟಮಟ್ಟದ ಕಟ್ಟೆ, ಮೇಲೆ ಬೀಗ ಹಾಕಬಲ್ಲ ಕಬ್ಬಿಣದ ಜಾಲರಿ ಬೇಕು. ಸರಳುಗಳ ಸಂದು ಮಗುವಿನ ತಲೆ ತೂರದಷ್ಟು ಕಿರಿದಾಗಿರಲಿ, ಬಾವಲಿ ಹಾರಿಹೋಗುವಷ್ಟು ಅಗಲವಿರಲಿ. ಕಟ್ಟೆಗೆ ಸಿಮೆಂಟ್ ಬಳಿಯದೆ ಸುಣ್ಣದ ಗಾರೆ ಬಳಸಬೇಕು. ಸಿಮೆಂಟು ತೇವವನ್ನು ಹೊರಬಿಡದೆ ಜಂಬಿಟ್ಟಿಗೆಯನ್ನು ಒಳಗಿನಿಂದ ಪುಡಿ ಮಾಡುತ್ತದೆ. ಪ್ರತಿ ಬಾವಿಯ ಪಕ್ಕ 1ರಿಂದ 21ರವರೆಗೆ ಅಂಕಿ ಕೆತ್ತಿದ ಒಂದೊಂದು ಕಲ್ಲು ನೆಡಲಿ, ಮುಂದಿನ ಬಾವಿಯ ದಿಕ್ಕಿಗೆ ಬಾಣದ ಗುರುತಿರಲಿ. ನಡೆಯುವವರಿಗೆ ಬೇರೆ ಮಾರ್ಗದರ್ಶಿ ಬೇಕಾಗದು. ಮಧ್ಯಪ್ರದೇಶದ ಬುರ್ಹಾನ್‌ಪುರದಲ್ಲಿ ಕುಂಡಿ ಭಂಡಾರ ಎಂಬ ಇಂಥದೇ ನೀರಿನ ಸುರಂಗಕ್ಕೆ ಪ್ರವಾಸಿಗರನ್ನು ಲಿಫ್ಟಿನಲ್ಲಿ ಕೆಳಗಿಳಿಸುತ್ತಾರೆ, ಇಲ್ಲೂ ಮಾಡಿ ಎನ್ನುವವರಿದ್ದಾರೆ. ಅಂಥದೇನಾದರೂ ಮಾಡುವುದಿದ್ದರೆ ಚಾವಣಿಯ ಪರೀಕ್ಷೆ, ಗಾಳಿಯ ಅಳತೆ ಮತ್ತು ಶೌಚಗುಂಡಿಗಳ ಸ್ಥಳಾಂತರ ಮುಗಿದ ಮೇಲೆ, ಒಂದು ಚಿಕ್ಕ ತುಂಡಿನಲ್ಲಿ ಮಾತ್ರ ಆಗಲಿ.

ಇದರಲ್ಲಿ ಈ ವರ್ಷವೇ ಆಗಬಹುದಾದದ್ದು ಜಾಲರಿ ಮತ್ತು ಅಂಕಿಯ ಕಲ್ಲುಗಳು. ಮುಂಗಾರು ಬಂದು ಹೊಲಗಳಲ್ಲಿ ಬಿತ್ತನೆ ಶುರುವಾದರೆ ಬಾವಿಗಳ ಹತ್ತಿರ ಗಾಡಿ ಹೋಗುವುದಿಲ್ಲ. ಕಲ್ಲು, ಸುಣ್ಣ, ಕಬ್ಬಿಣ ಮೇ ತಿಂಗಳೊಳಗೆ ಅಲ್ಲಿ ಇಳಿದಿರಬೇಕು.

ಇತಿ,
ಬೀದರಿನ ಕೆಲವು ಓದುಗರು